ಹತ್ತಿರ ಹತ್ತಿರದ ಎರಡು ಬಣ್ಣಗಳಲ್ಲಿ ಗೋಡೆಗೆ ಒಂದನ್ನು ಆರಿಸುವುದು ಹೇಗೆ?

ಮನೆಗೆ ಬಣ್ಣ ಹೊಡೆಸಲು ಹೊರಟವರಿಗೆ ಶೇಡ್ ಕಾರ್ಡಿನ ನೂರಾರು ಚೌಕಗಳಿಂದ ಹತ್ತಕ್ಕೆ, ಹತ್ತರಿಂದ ಎರಡಕ್ಕೆ ಇಳಿಯುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ನೀಲಿ ಬೇಡ, ಗಾಢವಾದದ್ದು ಬೇಡ, ನೆಂಟರ ಮನೆಯಲ್ಲಿರುವಂಥದ್ದೇ ಬೇಡ ಎಂದು ಒಂದೊಂದಾಗಿ ಬಿಡುತ್ತ ಬಂದರೆ ಸಂಜೆಯೊಳಗೆ ಎರಡು ಉಳಿಯುತ್ತವೆ. ಕಷ್ಟ ಶುರುವಾಗುವುದು ಅಲ್ಲಿಂದ. ಒಂದು ಹಾಲಿನ ಕೆನೆಯಂತಿದೆ, ಇನ್ನೊಂದು ದಂತದಂತಿದೆ. ಮನೆಯ ನಾಲ್ವರಲ್ಲಿ ಇಬ್ಬರು ಇದನ್ನು, ಇಬ್ಬರು ಅದನ್ನು ಹಿಡಿದು ಕೂತಿದ್ದಾರೆ. “ಯಾವುದು ಅಂತ ಹೇಳಿಬಿಡಿ ಅಮ್ಮ, ಡಬ್ಬಿ ತರಬೇಕು” ಎಂದು ಪೇಂಟರ್ ಬಾಗಿಲಲ್ಲಿ ನಿಂತಿದ್ದಾರೆ.

ಮೈಸೂರಿನ ನಮ್ಮ ಮನೆಯ ಹಜಾರಕ್ಕೆ ಮೊದಲ ಸಲ ನಾನು ಬಣ್ಣ ಆರಿಸಿದ್ದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಐದೇ ನಿಮಿಷದಲ್ಲಿ. ನಮ್ಮದು ಕೆಂಪು ಗಾರೆಯ ನೆಲ. ಅಂಗಡಿಯಲ್ಲಿ ತಿಳಿ ಕೆನೆಯಾಗಿ ಕಂಡ ಬಣ್ಣ ಮನೆಯ ಗೋಡೆಗೆ ಬಂದಾಗ, ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ನಸುಗೆಂಪಾಗಿ, ಮೇಲಕ್ಕೆ ಹೋದಂತೆ ಹಳದಿಯಾಗಿ ಕಾಣಿಸಿತು. ಕಾರ್ಡಿನಲ್ಲಿ ಅದರ ಪಕ್ಕದಲ್ಲೇ ಇದ್ದು ನಾನು ಬಿಟ್ಟುಬಂದಿದ್ದ ಇನ್ನೊಂದು ಬಣ್ಣವೇ ನಮ್ಮ ಹಜಾರಕ್ಕೆ ಒಪ್ಪುತ್ತಿತ್ತು ಎಂದು ತಿಳಿಯುವಷ್ಟರಲ್ಲಿ ಎರಡನೇ ಕೋಟ್ ಮುಗಿದಿತ್ತು. ಏಳು ವರ್ಷ ಅದನ್ನೇ ನೋಡಿಕೊಂಡಿದ್ದೆವು. ಮುಂದಿನ ಸಲ ಬಣ್ಣ ಮಾಡಿಸುವಾಗ ಹಿಡಿದ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ. ಇದಕ್ಕೆ ನಾಲ್ಕೈದು ದಿನಗಳ ಬಿಡುವು ಬೇಕು, ಎರಡು ಸಣ್ಣ ಡಬ್ಬಿ ಬಣ್ಣದ ಖರ್ಚೂ ಇದೆ. ಆದರೆ ಗೋಡೆಯನ್ನು ವರ್ಷಗಟ್ಟಲೆ ನೋಡುತ್ತ ಬದುಕುವವರು ನಾವೇ ಆದ್ದರಿಂದ ಆ ಖರ್ಚನ್ನು ಉಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಶುರುಮಾಡುವ ಮುನ್ನ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕು. “ಎರಡರಲ್ಲಿ ಯಾವುದು ಚೆಂದ?” ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಎರಡೂ ಚೆಂದವಾಗಿರುವುದರಿಂದಲೇ ಅವು ಕೊನೆಯವರೆಗೆ ಉಳಿದಿವೆ. “ನಮ್ಮ ಕೋಣೆಯಲ್ಲಿ, ದಿನದ ಯಾವ ಹೊತ್ತಿನಲ್ಲಿ, ಇವುಗಳಲ್ಲಿ ಯಾವುದು ಕೆಡುತ್ತದೆ?” ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುವ ಸಂಗತಿ. ಮುಂದಿನ ಎಲ್ಲ ಹಂತಗಳೂ ಈ ಕೆಡುವಿಕೆಯನ್ನು ಹುಡುಕುವ ಹಂತಗಳೇ.

ಮೊದಲು ವ್ಯತ್ಯಾಸ ಎಲ್ಲಿದೆಯೆಂದು ಗುರುತಿಸಿ

ಎರಡು ಚೌಕಗಳನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ, ಹಗಲಿನಲ್ಲಿ ನೋಡಿರಿ. ಕಾರ್ಡಿನ ಮೇಲೆ ಬಣ್ಣಕ್ಕೆ ಕೊಟ್ಟಿರುವ ಹೆಸರುಗಳನ್ನು ಒಂದು ತುಂಡು ಕಾಗದದಿಂದ ಮುಚ್ಚಿಬಿಡಿ. ಹೂವಿನದೋ ಮುತ್ತಿನದೋ ಹೆಸರು ಓದಿದ ಕೂಡಲೇ ಮನಸ್ಸು ಒಂದು ಕಡೆ ವಾಲುತ್ತದೆ, ಆಮೇಲೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಕೋಡ್ ಸಂಖ್ಯೆಯಷ್ಟನ್ನು ಬರೆದಿಟ್ಟುಕೊಂಡರೆ ಸಾಕು.

ಎರಡು ಹತ್ತಿರದ ಬಣ್ಣಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ಒಂದು ಹಳದಿಯ ಕಡೆಗೂ ಇನ್ನೊಂದು ಕೆಂಪು, ಹಸಿರು ಅಥವಾ ಬೂದಿನ ಕಡೆಗೂ ಸರಿದಿರಬಹುದು. ಇದು ಛಾಯೆಯ ವ್ಯತ್ಯಾಸ. ಎರಡರ ಛಾಯೆಯೂ ಒಂದೇ ಆಗಿದ್ದು ಒಂದು ಹೆಚ್ಚು ತಿಳಿಯಾಗಿಯೂ ಇನ್ನೊಂದು ಗಾಢವಾಗಿಯೂ ಇರಬಹುದು. ಇಲ್ಲವೇ ಒಂದು ಹೊಳಪಾಗಿ, ಇನ್ನೊಂದು ಕೊಂಚ ಮಾಸಿದಂತೆ ಇರಬಹುದು. ಛಾಯೆಯ ವ್ಯತ್ಯಾಸವೇ ಮುಂದೆ ಹೆಚ್ಚು ತೊಂದರೆ ಕೊಡುವಂಥದ್ದು, ಮತ್ತು ತಿಳಿ ಬಣ್ಣಗಳಲ್ಲಿ ಅದನ್ನು ಹಿಡಿಯುವುದು ಕಷ್ಟ. ಅದಕ್ಕೊಂದು ಉಪಾಯವಿದೆ: ಶೇಡ್ ಕಾರ್ಡಿನಲ್ಲಿ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಚೌಕಗಳನ್ನು ಒಂದೇ ಸಾಲಿನಲ್ಲಿ ಕೊಟ್ಟಿದ್ದರೆ, ನಿಮ್ಮ ಬಣ್ಣ ಇರುವ ಸಾಲಿನ ಕೊನೆಯ ಗಾಢ ಚೌಕವನ್ನು ನೋಡಿರಿ. ತಿಳಿ ಚೌಕದಲ್ಲಿ ಅಡಗಿರುವ ಪಾಚಿಹಸಿರೋ ಇಟ್ಟಿಗೆಗೆಂಪೋ ಅಲ್ಲಿ ಬಯಲಾಗಿರುತ್ತದೆ.

ಇದಕ್ಕಿಂತ ಖಚಿತವಾದ ದಾರಿ ಅಂಗಡಿಯಲ್ಲೇ ಇದೆ, ಆದರೂ ಅದನ್ನು ಕೇಳುವವರು ಕಡಿಮೆ. ಈಗ ಬಹುತೇಕ ಬಣ್ಣಗಳನ್ನು ಅಂಗಡಿಯ ಯಂತ್ರದಲ್ಲೇ ಕಲಸಿ ಕೊಡುತ್ತಾರೆ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೆರೆತ ಬೇಸ್, ಅಂದರೆ ಬಿಳಿಯ ಮೂಲ ಬಣ್ಣದ, ಡಬ್ಬಿಗೆ ಯಂತ್ರವು ಲೆಕ್ಕ ಹಾಕಿ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಕಪ್ಪು, ಹಸಿರು ಮುಂತಾದ ಗಾಢ ಬಣ್ಣಗಳನ್ನು ಹನಿಸುತ್ತದೆ. ತಿಳಿ ಬಣ್ಣವಾದರೆ ಒಂದು ಲೀಟರಿಗೆ ಎಲ್ಲ ಸೇರಿ ಕೆಲವೇ ಮಿಲಿಲೀಟರ್. ನಿಮ್ಮ ಎರಡು ಕೋಡ್‌ಗಳ ಫಾರ್ಮುಲಾವನ್ನು ಕಂಪ್ಯೂಟರಿನಲ್ಲಿ ತೋರಿಸುವಂತೆ ಅಂಗಡಿಯವರನ್ನು ವಿನಯದಿಂದ ಕೇಳಿರಿ. ಒಂದರಲ್ಲಿ ಹಳದಿ ಮತ್ತು ಕೆಂಪು ಮಾತ್ರ ಇದ್ದು, ಇನ್ನೊಂದರಲ್ಲಿ ಹಳದಿಯ ಜೊತೆ ಕಪ್ಪು ಇದ್ದರೆ ಅರ್ಧ ಕೆಲಸ ಮುಗಿದಂತೆಯೇ. ಹಳದಿಗೆ ಕಪ್ಪು ಸೇರಿದರೆ ಕಣ್ಣಿಗೆ ಹಸಿರಿನ ಸುಳಿವು ಬರುತ್ತದೆ. ಮಬ್ಬು ಬೆಳಕಿನಲ್ಲಿ ಅಂಥ ಬಣ್ಣ ಮಂಕಾಗುತ್ತದೆ. ಕೆಂಪು ಸೇರಿದ್ದು ಸಂಜೆಯ ಬೆಳಕಿನಲ್ಲಿ ಇನ್ನಷ್ಟು ಕೆಂಪಾಗುತ್ತದೆ. ಯಾವುದು ಯಾವಾಗ ಕೆಟ್ಟೀತೆಂಬ ಊಹೆ ಇಲ್ಲಿಂದಲೇ ಸಿಗುತ್ತದೆ. ಆ ಊಹೆಯನ್ನು ಗೋಡೆಯ ಮೇಲೆ ಪರೀಕ್ಷಿಸುವುದು ಮುಂದಿನ ಕೆಲಸ.

ಕೆಲವು ಕಾರ್ಡುಗಳಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಬಣ್ಣ ಹಿಂದಕ್ಕೆ ಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಪೂರ್ಣ ಕಪ್ಪಿಗೆ 0, ಪೂರ್ಣ ಬಿಳಿಗೆ 100. ಎರಡರ ನಡುವೆ ಎರಡು ಮೂರು ಅಂಕಗಳ ಅಂತರವಷ್ಟೇ ಇದ್ದರೆ ಕೋಣೆಯ ಬೆಳಕಿನಲ್ಲಿ ಗೊತ್ತಾಗುವಂಥ ಬದಲಾವಣೆ ಆಗುವುದಿಲ್ಲ. ಹತ್ತರ ಅಂತರವಿದ್ದು ಕೋಣೆ ಕತ್ತಲೆಯದಾಗಿದ್ದರೆ, ಬೇರೆ ಯೋಚನೆ ಮಾಡದೆ ಹೆಚ್ಚು ಅಂಕದ್ದನ್ನೇ ಮುಂದಿಟ್ಟುಕೊಳ್ಳಬಹುದು.

ಕಿಟಕಿ ಯಾವ ದಿಕ್ಕಿಗಿದೆ?

ಬಣ್ಣದ ಬಗ್ಗೆ ಯುರೋಪ್, ಅಮೆರಿಕದವರು ಬರೆದ ಸಲಹೆಗಳಲ್ಲಿ ಉತ್ತರದ ಕಿಟಕಿಗೆ ವರ್ಷವಿಡೀ ನೀಲಿಯಾದ ತಣ್ಣನೆಯ ಬೆಳಕು, ದಕ್ಷಿಣದ ಕಿಟಕಿಗೆ ದಿನವಿಡೀ ಬಿಸಿಲು ಎಂದಿರುತ್ತದೆ. ಅವರ ಅಕ್ಷಾಂಶಕ್ಕೆ ಅದು ಸರಿ. ನಮ್ಮದು ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕಂಬ ನೆಟ್ಟು ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ. ಬೀದರಿನಲ್ಲಿ ಈ ಅವಧಿ ಚಿಕ್ಕದು, ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಆದ್ದರಿಂದ ನಮ್ಮಲ್ಲಿ ಉತ್ತರದ ಕೋಣೆಗೂ ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ಓರೆ ಬಿಸಿಲು ಇಣುಕುತ್ತದೆ. ದಕ್ಷಿಣದ ಕೋಣೆಗೆ ಬಿಸಿಲು ಒಳಗೆ ಚಾಚುವುದು ಡಿಸೆಂಬರ್ ಆಸುಪಾಸಿನಲ್ಲಿ. ಆಗ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ.

ಹಾಗಾಗಿ ಎಲ್ಲಿಯದೋ ನಿಯಮವನ್ನು ನಂಬುವ ಬದಲು ನಿಮ್ಮ ಕೋಣೆಯಲ್ಲಿ ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೆಳಕು ಬೀಳುತ್ತದೆ ಎಂದು ಒಂದು ದಿನ ಗಮನಿಸಿ ಬರೆದಿಟ್ಟುಕೊಳ್ಳಿ. ಪೂರ್ವದ ಕೋಣೆಯಲ್ಲಿ ಬೆಳಗ್ಗೆ ಎಂಟರವರೆಗೆ ಗೋಡೆ ಹೊಂಬಣ್ಣಕ್ಕೆ ತಿರುಗಿ, ಮಧ್ಯಾಹ್ನದ ಮೇಲೆ ಆಕಾಶದ ಬೆಳಕು ಮಾತ್ರ ಉಳಿದು ಬೂದಾಗುತ್ತದೆ. ಪಶ್ಚಿಮದ ಕೋಣೆಯಲ್ಲಿ ಇದು ತಿರುಗುಮುರುಗು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅಲ್ಲಿನ ಹಳದಿ ಗೋಡೆ ಕಿತ್ತಳೆಯಾಗಿರುತ್ತದೆ. ಪಶ್ಚಿಮದ ಕೋಣೆಗೆ ಎರಡರಲ್ಲಿ ಕೆಂಪು ಕಡಿಮೆ ಇರುವುದನ್ನು, ಮಧ್ಯಾಹ್ನವೇ ಹೆಚ್ಚು ಬಳಸುವ ಪೂರ್ವದ ಕೋಣೆಗೆ ಕಪ್ಪು ಕಡಿಮೆ ಇರುವುದನ್ನು ಮೊದಲ ಊಹೆಯಾಗಿ ಇಟ್ಟುಕೊಳ್ಳಬಹುದು.

ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೀರ್ಥಹಳ್ಳಿಯಲ್ಲೋ ಶೃಂಗೇರಿಯಲ್ಲೋ ಸೂರು ಇಳಿಬಿಟ್ಟ ಮನೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ಮಬ್ಬೇ; ಅಲ್ಲಿ ಬೂದು ಬೆರೆತ ಬಿಳಿಯನ್ನು ಏಪ್ರಿಲ್ ಬಿಸಿಲಿನಲ್ಲಿ ನೋಡಿ ಮೆಚ್ಚಿದವರಿಗೆ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿದೆಯೋ ಏನೋ ಎನಿಸುತ್ತದೆ. ಕಲಬುರಗಿ, ರಾಯಚೂರಿನ ಕಡೆ ಅದೇ ಬೂದುಬಿಳಿ ಕಣ್ಣಿಗೆ ಹಿತ. ಅಲ್ಲಿ ಶುಭ್ರ ಬಿಳಿಯೇ ಕಣ್ಣು ಕುಕ್ಕುವುದು. ಬಣ್ಣ ಮಾಡಿಸುವುದು ಬಹುಪಾಲು ಬೇಸಿಗೆಯಲ್ಲಿ, ಗೌರಿಹಬ್ಬ ದೀಪಾವಳಿಯ ಮುಂದೆ, ಇಲ್ಲವೇ ಮದುವೆ ಗೃಹಪ್ರವೇಶದ ಗಡಿಬಿಡಿಯಲ್ಲಿ. ನೋಡುತ್ತಿರುವ ತಿಂಗಳ ಬೆಳಕೇ ವರ್ಷವಿಡೀ ಇರುವುದಿಲ್ಲ ಎಂಬುದು ನೆನಪಿನಲ್ಲಿರಲಿ.

ರಾತ್ರಿಯ ದೀಪವನ್ನು ಮೊದಲೇ ನಿರ್ಧರಿಸಿ

ಹೊರಗೆ ದುಡಿಯುವವರು ಮನೆಯ ಗೋಡೆಯನ್ನು ಹೆಚ್ಚು ನೋಡುವುದು ದೀಪದ ಬೆಳಕಿನಲ್ಲಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಸಂಖ್ಯೆ ಅಚ್ಚಾಗಿರುತ್ತದೆ: 2700 ಅಥವಾ 3000 ಎಂದಿದ್ದರೆ ಹಳದಿ ಬೆಳಕು, 4000 ಎಂದಿದ್ದರೆ ನಡುವಿನದು, 6500 ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು. ನಮ್ಮ ಮನೆಗಳ ಬಹುಪಾಲು ಟ್ಯೂಬ್‌ಲೈಟುಗಳು ಈ ಕೊನೆಯ ಬಗೆಯವು. ಕೆನೆ ಬಣ್ಣ 2700ರ ದೀಪದಲ್ಲಿ ಬೆಣ್ಣೆ ಸವರಿದಂತೆ ಕಾಣುತ್ತದೆ, 6500ರ ಕೆಳಗೆ ಅದರ ಹಳದಿ ಅಡಗಿ ಸಪ್ಪೆಯಾಗುತ್ತದೆ. ಬೂದುಬಿಳಿ ಹಳದಿ ದೀಪದಲ್ಲಿ ಚೆನ್ನಾಗಿದ್ದು ಬಿಳಿ ಟ್ಯೂಬಿನ ಕೆಳಗೆ ಆಸ್ಪತ್ರೆಯ ಗೋಡೆಯಂತಾಗುತ್ತದೆ. ಮೊದಲು ಗೋಡೆಗೆ ಬಣ್ಣ ಹೊಡೆಸಿ ಆಮೇಲೆ ದೀಪ ಬದಲಿಸಿದರೆ ಮಾಡಿದ ಪರೀಕ್ಷೆಯೆಲ್ಲ ವ್ಯರ್ಥ. ಆದ್ದರಿಂದ ಯಾವ ದೀಪ ಹಾಕುತ್ತೀರಿ ಎಂಬುದನ್ನು ತೀರ್ಮಾನಿಸಿ, ಅದನ್ನೇ ಹಾಕಿ ನೋಡಿರಿ. ಆ ದೀಪದ ಕೆಳಗೆ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದನ್ನು ಹೇಳುವ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಪೆಟ್ಟಿಗೆಯ ಮೇಲೆ ಇದ್ದರೆ 90ಕ್ಕಿಂತ ಹೆಚ್ಚಿನದು ಒಳ್ಳೆಯದು. 80ರ ದೀಪಗಳಲ್ಲಿ ಕೆಂಪಿನ ಅಂಶ ಸರಿಯಾಗಿ ಕಾಣುವುದಿಲ್ಲ.

ಇಲ್ಲೊಂದು ವಿಚಿತ್ರವನ್ನು ತಿಳಿದಿರಬೇಕು. ಬೇರೆ ಬೇರೆ ಕಂಪನಿಯ ಎರಡು ಬಣ್ಣಗಳು ಒಂದು ದೀಪದ ಕೆಳಗೆ ಒಂದೇ ಎನ್ನುವಷ್ಟು ಹೊಂದಿಕೊಂಡು, ಹಗಲಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಒಂದೇ ಬಣ್ಣವನ್ನು ಬೇರೆ ಬೇರೆ ಪುಡಿಗಳಿಂದ ಮಾಡಿರುವುದೇ ಇದಕ್ಕೆ ಕಾರಣ. ಆ ಪುಡಿಗಳು ಪ್ರತಿಯೊಂದು ಬೆಳಕನ್ನೂ ತಮ್ಮ ತಮ್ಮ ರೀತಿಯಲ್ಲಿ ಹೀರಿಕೊಳ್ಳುತ್ತವೆ. ಸೀರೆಗೆ ರವಿಕೆ ಬಟ್ಟೆ ಹೊಂದಿಸುವವರು ಅಂಗಡಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ಹಿಡಿದು ನೋಡುವುದು ಇದೇ ಕಾರಣಕ್ಕೆ. “ಆ ಕಂಪನಿಯ ಕೋಡನ್ನೇ ಈ ಕಂಪನಿಯದರಲ್ಲಿ ಕಲಸಿಕೊಡುತ್ತೇವೆ” ಎಂದು ಅಂಗಡಿಯವರು ಹೇಳಿದರೆ, ಅದನ್ನು ಮೂರನೆಯ ಬಣ್ಣವೆಂದೇ ತಿಳಿದು ಹೊಸದಾಗಿ ಪರೀಕ್ಷಿಸಬೇಕು.

ನಾಲ್ಕು ಹಲಗೆಗಳು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬೆರಳಗಲದ ಚೌಕವನ್ನು ನೋಡಿ ಗೋಡೆಯನ್ನು ಊಹಿಸಲಾಗದು, ಏಕೆಂದರೆ ಕೋಣೆಯ ಗೋಡೆಗಳು ಒಂದಕ್ಕೊಂದು ಬೆಳಕನ್ನು ಎಸೆಯುತ್ತಿರುತ್ತವೆ. ತಿಳಿ ಹಳದಿ ಗೋಡೆಯೊಂದು ತನ್ನ ಮೇಲೆ ಬಿದ್ದ ಹಳದಿ ಬೆಳಕಿನಲ್ಲಿ ನೂರಕ್ಕೆ 85ನ್ನೂ ನೀಲಿ ಬೆಳಕಿನಲ್ಲಿ ನೂರಕ್ಕೆ 70ನ್ನೂ ಹಿಂತಿರುಗಿಸುತ್ತದೆ ಎಂದುಕೊಳ್ಳಿ. ಆ ಬೆಳಕು ಅದೇ ಬಣ್ಣದ ಎದುರು ಗೋಡೆಗೆ ತಾಗಿ ನಿಮ್ಮ ಕಣ್ಣಿಗೆ ಬರುವಷ್ಟರಲ್ಲಿ ಹಳದಿ 72, ನೀಲಿ 49 ಉಳಿದಿರುತ್ತದೆ. ಒಂದೇ ಸಲ ತಾಗಿದಾಗ 15 ಇದ್ದ ಅಂತರ ಎರಡನೇ ಸಲಕ್ಕೆ 23 ಆಯಿತು. ಕಾರ್ಡಿನಲ್ಲಿ ಇದ್ದೂ ಇಲ್ಲದಂತಿದ್ದ ಹಳದಿ ನಾಲ್ಕು ಗೋಡೆಗೂ ಬಂದಾಗ ಎದ್ದು ಕಾಣುವುದು ಇದರಿಂದಲೇ.

ಸಣ್ಣ ಅಳತೆಯ ಡಬ್ಬಿ ಸಿಕ್ಕರೆ ಅದನ್ನು, ಇಲ್ಲವಾದರೆ ಒಂದೊಂದು ಲೀಟರನ್ನು ಎರಡೂ ಬಣ್ಣದಲ್ಲಿ ತನ್ನಿರಿ. ಕೊನೆಗೆ ಗೋಡೆಗೆ ಯಾವ ಬಗೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆಯ ಬಣ್ಣ) ಹೊಡೆಸುತ್ತೀರೋ ಅದರಲ್ಲೇ ಮಾದರಿಯೂ ಇರಬೇಕು. ಮ್ಯಾಟ್ ಬಣ್ಣದಲ್ಲಿ ನೋಡಿ, ಹೊಳಪಿರುವ ಬಣ್ಣವನ್ನು ಗೋಡೆಗೆ ಹೊಡೆಸಿದರೆ ಅದೇ ಕೋಡ್ ಇನ್ನಷ್ಟು ಗಾಢವಾಗಿ, ಕಿಟಕಿಯ ಪ್ರತಿಬಿಂಬದೊಂದಿಗೆ ಕಾಣುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ನಾಲ್ಕು ಹಲಗೆಗಳನ್ನು ತೆಗೆದುಕೊಳ್ಳಿ. ಪ್ಲೈವುಡ್ ಚೂರಾಗಲಿ, ಫಾಲ್ಸ್ ಸೀಲಿಂಗ್ ಕೆಲಸದಲ್ಲಿ ಉಳಿದ ಜಿಪ್ಸಮ್ ಹಲಗೆಯಾಗಲಿ, ದಪ್ಪ ರಟ್ಟಾಗಲಿ ಆದೀತು. ಗೋಡೆಗೆ ಹೊಡೆಯುವ ಪ್ರೈಮರನ್ನೇ ಮೊದಲು ಹೊಡೆದು, ಅದರ ಮೇಲೆ ರೋಲರಿನಿಂದ ಎರಡು ಕೋಟ್ ಕೊಡಿ. ಎರಡರ ನಡುವೆ ಡಬ್ಬಿಯ ಮೇಲೆ ಹೇಳಿರುವಷ್ಟು ಗಂಟೆ ಒಣಗಲು ಬಿಡಿ. ಒಂದೊಂದು ಬಣ್ಣಕ್ಕೆ ಎರಡೆರಡು ಹಲಗೆ.

ಒಣಗುವ ಮುಂಚೆ ಯಾವ ಅಭಿಪ್ರಾಯಕ್ಕೂ ಬರಬೇಡಿ. ಹಿಂದೆ ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ, ಒದ್ದೆಯಿದ್ದಾಗ ಗೋಡೆ ಕಾಣುವಂತಿದ್ದ ಸುಣ್ಣ ಒಣಗಿದ ಮೇಲೆ ಬೆಳ್ಳಗಾಗುತ್ತಿತ್ತು. ಹಳದಿ ಕಾಣದಿರಲೆಂದು ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದುದು ಹಿರಿಯರಿಗೆ ಗೊತ್ತು. ಎಮಲ್ಷನ್ ನಡೆದುಕೊಳ್ಳುವುದು ಇದಕ್ಕೆ ತದ್ವಿರುದ್ಧ. ಡಬ್ಬಿಯಲ್ಲಿರುವ ಅಂಟು ಹಾಲಿನಂತೆ ಬೆಳ್ಳಗಿದ್ದು ಒಣಗಿದಾಗ ಪಾರದರ್ಶಕವಾಗುವುದರಿಂದ, ಬಣ್ಣ ಒಣಗುತ್ತ ಕೊಂಚ ಗಾಢವಾಗುತ್ತದೆ. ಸುಣ್ಣದ ಅನುಭವವಿರುವವರು “ಒಣಗಿದ ಮೇಲೆ ತಿಳಿಯಾಗುತ್ತದೆ ಬಿಡಿ” ಎಂದು ಸಮಾಧಾನ ಹೇಳಿದರೆ ಅದನ್ನು ನಂಬಿ ಮುಂದುವರಿಯಬೇಡಿ. ಒಂದು ರಾತ್ರಿ ಒಣಗಲು ಬಿಡಿ.

ಹಲಗೆಯ ಬದಲು ಗೋಡೆಗೇ ಬಳಿದು ನೋಡುವ ರೂಢಿ ಹೆಚ್ಚು. ಅದರ ತೊಂದರೆಯೆಂದರೆ, ಪುಟ್ಟಿ ಹಾಕಿದ ಬೆಳ್ಳನೆಯ ಗೋಡೆಯ ನಡುವೆ ಯಾವ ತಿಳಿ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಹಳೆಯ ಹಸಿರು ಗೋಡೆಯ ಮೇಲೆ ಬಳಿದರೆ ಅದೇ ಬಣ್ಣ ನಸುಗೆಂಪಾಗಿ ಕಾಣುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ ಅವರಿಗೆ ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲವೆಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ನೂಲಿನ ಕಪ್ಪಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳೇ ಅದನ್ನು ಹಾಗೆ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದು ಇನ್ನೊಂದು ಕಾಣುವ ಬಗೆಯನ್ನು ಬದಲಿಸುವ ಈ ನಿಯಮವನ್ನು ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ಹಲಗೆಗಳಲ್ಲಿ ಈ ತೊಡಕು ಪೂರ್ತಿ ಹೋಗುವುದಿಲ್ಲ, ಆದರೆ ಹಲಗೆಯನ್ನು ಬೇಕಾದಲ್ಲಿಗೆ ಒಯ್ಯಬಹುದು, ಹಿಂದಿನ ಗೋಡೆಗೆ ಬಿಳಿ ಪಂಚೆ ಇಳಿಬಿಡಬಹುದು.

ನೋಡುವ ಕ್ರಮ

ಒಂದೇ ಬಣ್ಣದ ಎರಡು ಹಲಗೆಗಳನ್ನು ಕೋಣೆಯ ಮೂಲೆಯಲ್ಲಿ, ಎರಡು ಗೋಡೆಗಳಿಗೆ ಒಂದೊಂದರಂತೆ, ಅಂಚು ಕೂಡುವಂತೆ ನಿಲ್ಲಿಸಿ. ಒಂದರ ಬೆಳಕು ಇನ್ನೊಂದರ ಮೇಲೆ ಬಿದ್ದು, ಮೂಲೆಯ ಹತ್ತಿರ ಬಣ್ಣ ಹೇಗೆ ದಟ್ಟವಾಗುತ್ತದೆ ಎಂಬುದು ಕಾಣುತ್ತದೆ. ಪೂರ್ತಿ ಬಣ್ಣ ಹೊಡೆದ ಕೋಣೆಯ ಅಂದಾಜು ಸಿಗುವುದು ಈ ಮೂಲೆಯಿಂದ, ಹಲಗೆಯ ನಡುಭಾಗದಿಂದಲ್ಲ. ಇನ್ನೊಂದು ಬಣ್ಣದ ಹಲಗೆಗಳನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿಡಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ವ್ಯತ್ಯಾಸ ತಿಳಿಯಲು ಮಾತ್ರ ಉಪಯುಕ್ತ. ಬಣ್ಣ ಹೊಡೆದಾದ ಮೇಲೆ ಬಿಟ್ಟ ಬಣ್ಣ ನಿಮ್ಮ ಮನೆಯಲ್ಲಿ ಎಲ್ಲಿಯೂ ಇರುವುದಿಲ್ಲವಾದ್ದರಿಂದ, ಪ್ರತಿಯೊಂದನ್ನೂ ಒಂಟಿಯಾಗಿಯೇ ನೋಡಬೇಕು.

ಮೊದಲ ದಿನ ಒಂದು ಬಣ್ಣ, ಮರುದಿನ ಇನ್ನೊಂದು. ದಿನಕ್ಕೆ ನಾಲ್ಕು ಸಲ ನೋಡಿದರೆ ಸಾಕು: ಬೆಳಗ್ಗೆ ಏಳರ ಹೊತ್ತಿಗೆ, ಮಧ್ಯಾಹ್ನ ಒಂದಕ್ಕೆ, ಸಂಜೆ ದೀಪ ಹಚ್ಚುವ ಮುನ್ನದ ಮಬ್ಬಿನಲ್ಲಿ, ರಾತ್ರಿ ದೀಪದ ಕೆಳಗೆ. ಕೋಣೆಯಲ್ಲಿ ನೀವು ನಿತ್ಯ ಕೂರುವ ಜಾಗದಲ್ಲೇ ಕೂತು ನೋಡಿರಿ. ಗೋಡೆಗೆ ಮುಖ ಇಟ್ಟುಕೊಂಡು ಯಾರೂ ಬದುಕುವುದಿಲ್ಲ. ಪ್ರತಿ ಸಲವೂ ಮನಸ್ಸಿಗೆ ಬಂದ ಒಂದೇ ಮಾತನ್ನು ಬರೆದಿಡಿ: “ಹಾಲಿನಂತೆ”, “ಮಣ್ಣು ಮೆತ್ತಿದಂತೆ”, “ಹಸಿರು ಕಾಣುತ್ತಿದೆ”, “ಗೊತ್ತೇ ಆಗಲಿಲ್ಲ”. ನಮ್ಮ ಚೀಟಿಯಲ್ಲಿ ಕೆನೆಬಣ್ಣದ ಮುಂದೆ ಬೆಳಗ್ಗೆ “ಚೆನ್ನಾಗಿದೆ”, ರಾತ್ರಿ “ಬಹಳ ಚೆನ್ನಾಗಿದೆ”, ಮಧ್ಯಾಹ್ನ “ನೆಲದ ಕೆಂಪು ಹತ್ತಿದೆ” ಎಂದಿತ್ತು. ದಂತದ ಬಣ್ಣದ ಮುಂದೆ ನಾಲ್ಕು ಸಲವೂ “ಪರವಾಗಿಲ್ಲ” ಎಂದಷ್ಟೇ ಇತ್ತು. ನಾವು ದಂತದ್ದನ್ನೇ ತೆಗೆದುಕೊಂಡೆವು, ಒಂದು ದಿನವೂ ಬೇಸರವಾಗಿಲ್ಲ. ಮೂರು ಹೊತ್ತು ಮನಸೆಳೆದು ಒಂದು ಹೊತ್ತು ಕೆಡುವ ಬಣ್ಣಕ್ಕಿಂತ ನಾಲ್ಕು ಹೊತ್ತೂ ಸುಮ್ಮನೆ ಇರುವ ಬಣ್ಣ ಮೇಲೆಂದು ನನಗೆ ಅನಿಸಿದೆ. ಆದರೆ ಕೆಡುವ ಹೊತ್ತಿನಲ್ಲಿ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲವಾದರೆ, ಮಲಗುವ ಕೋಣೆಯ ಮಧ್ಯಾಹ್ನದಂತೆ, ಆ ದೋಷವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಮನೆಯವರ ಅಭಿಪ್ರಾಯ ಬೇರೆ ಬೇರೆಯಾದರೆ ಅದು ಹಟವೇ ಆಗಬೇಕೆಂದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದರಿಂದ ಹಿರಿಯರಿಗೆ ನೀಲಿ ಬೂದಿನ ಸೂಕ್ಷ್ಮಗಳು ಕಡಿಮೆ ಕಾಣುತ್ತವೆ; ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೆ ಎಲ್ಲವೂ ಮೊದಲಿಗಿಂತ ಬೆಳ್ಳಗೆ, ನೀಲಿಯಾಗಿ ಕಾಣುತ್ತದೆ. ಕೆಂಪು ಹಸಿರಿನ ಭೇದ ಸರಿಯಾಗಿ ಕಾಣದಿರುವವರಲ್ಲಿ ಗಂಡಸರೇ ಹೆಚ್ಚು. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರ ಕಣ್ಣಿಗೆ ಒಪ್ಪಿದ್ದೇ ಅಲ್ಲಿಗೆ ಸರಿಯಾದದ್ದು. ಅಮ್ಮನ ಕೋಣೆಗೆ ಅಮ್ಮ ಹೇಳಿದ ಬಣ್ಣ.

ದೂರದಲ್ಲಿರುವ ಮಕ್ಕಳಿಗೆ ಫೋಟೋ ಕಳುಹಿಸಿ ಕೇಳುವ ರೂಢಿಯೂ ಈಗ ಬಂದಿದೆ. ಮೊಬೈಲ್ ಕ್ಯಾಮೆರಾ ದೃಶ್ಯದ ಬಿಳಿಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನೀವು ಹಿಡಿಯಲು ಹೊರಟ ಸಣ್ಣ ಛಾಯೆಯನ್ನೇ ಅದು ಅಳಿಸಿಹಾಕುತ್ತದೆ. ಡಲ್ಲಾಸ್‌ನಲ್ಲಿರುವ ಮಗನ ಪರದೆ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಪೀಠೋಪಕರಣದ ಬಗ್ಗೆ ಅವನನ್ನು ಕೇಳಬಹುದು, ಇಷ್ಟು ಹತ್ತಿರದ ಬಣ್ಣಗಳ ಬಗ್ಗೆ ಕೇಳಿ ಪ್ರಯೋಜನವಿಲ್ಲ.

ಬದಲಾಗದ ವಸ್ತುಗಳ ಪಕ್ಕದಲ್ಲಿ

ಪರದೆ, ಸೋಫಾ ಬದಲಾಗುತ್ತವೆ. ನೆಲ, ಬಾಗಿಲು, ಅಡುಗೆ ಕಟ್ಟೆಯ ಕಲ್ಲು ಬದಲಾಗುವುದಿಲ್ಲ. ಹಲಗೆಯನ್ನು ನೆಲಕ್ಕೆ ತಾಗುವಂತೆ ನಿಲ್ಲಿಸಿ ನೋಡುವುದನ್ನು ತಪ್ಪಿಸಬಾರದು. ಕೆಂಪು ಗಾರೆ ಮತ್ತು ಮಂಗಳೂರು ಕಡೆಯ ಕೆಂಪು ಹೆಂಚಿನ ನೆಲಗಳು ಗೋಡೆಗೆ ಕೆಂಪನ್ನು ಎಸೆಯುತ್ತವೆ, ಆದ್ದರಿಂದ ಕೆಂಪು ಕಡಿಮೆಯಿರುವ ಬಣ್ಣವೇ ಅಲ್ಲಿ ಬಿಳಿಗೆ ಹತ್ತಿರವಾಗಿ ನಿಲ್ಲುತ್ತದೆ. ಶಹಾಬಾದ್ ಕಲ್ಲು, ಸಾದರಹಳ್ಳಿ ಕಲ್ಲುಗಳ ಬೂದಿನ ಪಕ್ಕದಲ್ಲಿ ಹಳದಿ ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲಿನ ಮೇಲೆ ಬೂದು ಬೆರೆತ ಬಿಳಿ ಕೊಳೆಯಾದಂತೆ ಕಾಣುವ ಅಪಾಯವಿದೆ. ತೇಗದ ಚೌಕಟ್ಟಿನ ಪಕ್ಕದಲ್ಲಿ ಕೆಂಪು ಬೆರೆತ ಕೆನೆ ಒಂದರೊಳಗೊಂದು ಕರಗಿ ಚೌಕಟ್ಟಿನ ಅಂದ ಕಳೆಯುತ್ತದೆ. ಕಿಟಕಿಯ ಹೊರಗೆ ಹೊಂಗೆಯೋ ತೆಂಗೋ ಇದ್ದರೆ ಅದರ ಹಸಿರೂ ಒಳಗೆ ಬರುತ್ತದೆ. ಕಪ್ಪು ಬೆರೆತ ಹಳದಿಯನ್ನು ಅಂಥ ಕೋಣೆಗೆ ನಾನು ಸೂಚಿಸುವುದಿಲ್ಲ.

ಆಗಲೂ ತೀರ್ಮಾನವಾಗದಿದ್ದರೆ

ಎರಡು ದಿನ ನೋಡಿದರೂ ಚೀಟಿಯಲ್ಲಿ ಎರಡಕ್ಕೂ ಒಂದೇ ಮಾತು ಬಂದಿದ್ದರೆ, ನಿಮ್ಮ ಕೋಣೆಯ ಮಟ್ಟಿಗೆ ಅವು ಒಂದೇ ಬಣ್ಣ. ಇನ್ನು ಕಣ್ಣಿಗೆ ಸಂಬಂಧಿಸದ ಕಾರಣದಿಂದ ತೀರ್ಮಾನಿಸಬಹುದು. ಒರೆಸಿ ತೊಳೆಯಬಲ್ಲ ಎಮಲ್ಷನ್‌ನಲ್ಲಿ ಯಾವುದು ಸಿಗುತ್ತದೆ, ನಿಮ್ಮ ಊರಿನ ಅಂಗಡಿಯಲ್ಲಿ ಯಾವುದನ್ನು ಯಾವಾಗಲೂ ಕಲಸಿಕೊಡುತ್ತಾರೆ ಎಂದು ನೋಡಿರಿ. ಎರಡನ್ನೂ ಅರ್ಧರ್ಧ ಬೆರೆಸಿಬಿಡೋಣವೆಂಬ ಸಲಹೆ ಯಾರಿಂದಾದರೂ ಬರುತ್ತದೆ. ನಾಳೆ ಗೋಡೆಗೆ ಮೊಳೆ ಹೊಡೆದು ತೂತು ಮುಚ್ಚುವಾಗ ಆ ಬಣ್ಣ ಜಗತ್ತಿನಲ್ಲಿ ಎಲ್ಲಿಯೂ ಸಿಗುವುದಿಲ್ಲ. ಒಂದು ಗೋಡೆಗೆ ಇದು, ಪಕ್ಕದ ಗೋಡೆಗೆ ಅದು ಎಂಬುದೂ ಬೇಡ. ಇಷ್ಟು ಹತ್ತಿರದ ಬಣ್ಣಗಳು ಮೂಲೆಯಲ್ಲಿ ಕೂಡಿದಾಗ ಡಬ್ಬಿ ಸಾಲದೆ ಬೇರೆ ತಂದಂತೆ ಕಾಣುತ್ತದೆ.

ಡಬ್ಬಿ ತರುವಾಗ

ಮೊದಲು ಅಳತೆ ಮಾಡಿ. 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 52 ಅಡಿ, ಗೋಡೆಯ ವಿಸ್ತೀರ್ಣ 520 ಚದರ ಅಡಿ. 7 ಅಡಿ ಎತ್ತರ 3 ಅಡಿ ಅಗಲದ ಒಂದು ಬಾಗಿಲನ್ನೂ 4 ಅಡಿ ಚೌಕದ ಎರಡು ಕಿಟಕಿಗಳನ್ನೂ ಕಳೆದರೆ 467 ಚದರ ಅಡಿ ಉಳಿಯುತ್ತದೆ. ಎರಡು ಕೋಟ್‌ಗಳಿಗೆ ಒಂದು ಲೀಟರ್ 120 ಚದರ ಅಡಿ ಬರುತ್ತದೆಂದು ಡಬ್ಬಿಯ ಮೇಲೆ ಇದ್ದರೆ ಸುಮಾರು 3.9 ಲೀಟರ್ ಬೇಕು. ಸರಿಯಾಗಿ 4 ಲೀಟರ್ ತಂದರೆ ರೋಲರ್ ಕುಡಿಯುವ ಬಣ್ಣಕ್ಕೇ ಕೊರತೆಯಾಗುತ್ತದೆ. ಇನ್ನೊಂದು ಲೀಟರನ್ನು ಅದೇ ದಿನ, ಅದೇ ಅಂಗಡಿಯಲ್ಲಿ ಕಲಸಿಸಿಕೊಳ್ಳಿ.

ಎಲ್ಲ ಡಬ್ಬಿಗಳ ಬೇಸ್ ಒಂದೇ ಬ್ಯಾಚಿನದೇ ಎಂದು ನೋಡಿರಿ. ಕಲಸಿದ ಮೇಲೆ ಮುಚ್ಚಳದ ಮೇಲೊಂದು ಹನಿ ಬಳಿಸಿ, ಒಣಗಿಸಿ, ಹಲಗೆಯ ಚೂರಿನ ಪಕ್ಕದಲ್ಲಿ ಅಂಗಡಿಯ ಹೊರಗಿನ ಬೆಳಕಿನಲ್ಲಿ ಹೋಲಿಸಿರಿ. ಇಷ್ಟು ಹತ್ತಿರದ ಎರಡು ಕೋಡ್‌ಗಳಲ್ಲಿ ಒಂದಂಕಿ ತಪ್ಪಿದರೂ ಬೇರೆಯ ಬಣ್ಣ ಮನೆಗೆ ಬರುತ್ತದೆ, ಅದು ಗೋಡೆಗೆ ಹೋಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಡಬ್ಬಿ ಇದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿನಲ್ಲಿ ಸುರಿದು ಕಲಸಿ, ಆಮೇಲೆ ಹೊಡೆಯುವಂತೆ ಪೇಂಟರಿಗೆ ಮೊದಲೇ ಹೇಳಿ. ಡಬ್ಬಿಗಳ ನಡುವಿನ ಸಣ್ಣ ಏರುಪೇರು ಇದರಿಂದ ಎಲ್ಲ ಗೋಡೆಗೂ ಹಂಚಿಹೋಗುತ್ತದೆ.

ಡಬ್ಬಿಯ ಮೇಲಿನ ಫಾರ್ಮುಲಾ ಚೀಟಿಯನ್ನು ಕಿತ್ತು, ಕೋಣೆಯ ಹೆಸರು ಮತ್ತು ತಾರೀಖು ಬರೆದು, ಆ ಕೋಣೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿಡಿ. ಉಳಿದ ಬಣ್ಣವನ್ನು ಗಾಳಿಯಾಡದ ಗಾಜಿನ ಬಾಟಲಿಗೆ ತುಂಬಿಟ್ಟರೆ ಮೊದಲ ಒಂದೆರಡು ವರ್ಷ ಸಣ್ಣ ಗೀರುಗಳಿಗೆ ಆಗುತ್ತದೆ. ಆಮೇಲೆ ಗೋಡೆಯ ಬಣ್ಣವೇ ಬಿಸಿಲಿಗೆ, ಧೂಳಿಗೆ, ದೇವರ ಮುಂದಿನ ದೀಪದ ಹೊಗೆಗೆ ಬದಲಾಗಿರುವುದರಿಂದ, ತೇಪೆ ಹಾಕುವ ಬದಲು ಚೀಟಿಯ ಕೋಡಿನಲ್ಲಿ ಹೊಸ ಡಬ್ಬಿ ತಂದು ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಹೊಡೆಸಬೇಕು.